‘ನೋ ಸಿಗ್ನಲ್’ ಅಂತ ಬಂದರೆ ಮಾತು ಎಲ್ಲಿ ಕಡಿಯಿತು ಅಂತ ನೋಡಿ

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯ ಮೇ ಅಂದರೆ ಗೊತ್ತಲ್ಲ, ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು 1.30ಕ್ಕೆ ಬಾಗಿಲು ಹಾಕುವ ಕಾಲ. ಊಟ ಮುಗಿಸಿ ಕೂಲರ್ ಮುಂದೆ ಮಲಗಿದ್ದೆ. ಅಣ್ಣನ ಮಗಳ ಫೋನ್ ಬಂತು.

“ಕಾಕಾ, ಹೊಸ ಮಾನಿಟರ್ ಹತ್ತವಲ್ದು.”

“ಹತ್ತವಲ್ದೋ, ಹತ್ತಿ ಏನೂ ತೋರಿಸವಲ್ದೋ?”

“ಹತ್ತತದ. ನೋ ಸಿಗ್ನಲ್ ಅಂತ ಒಂದು ಡಬ್ಬಿ ಆಕಡಿ ಈಕಡಿ ಓಡಾಡ್ತದ. ಆಮ್ಯಾಲ ಕರ್ರಗ ಆಗಿಬಿಡ್ತದ.”

ಅವಳು ಸೇಡಂ ರಸ್ತೆಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾಳೆ. ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಕಣ್ಣು ಕಿರಿದು ಮಾಡಿ ಸಾಕಾಗಿ, 27 ಇಂಚಿನ ಮಾನಿಟರ್ ತರಿಸಿದ್ದಳು. ಮೂರು ಸಲ ರಿಸ್ಟಾರ್ಟ್ ಮಾಡಿದ್ದಳು, ಯಾರೋ ಹೇಳಿದರೆಂದು ಡ್ರೈವರ್ (ಪರದೆಗೆ ಚಿತ್ರ ಕಳಿಸಲು ಲ್ಯಾಪ್‌ಟಾಪ್‌ಗೆ ಬೇಕಾದ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದ್ದಳು. ಮಾನಿಟರ್ ವಾಪಸ್ ಕಳಿಸುವ ಬಟನ್ ಒತ್ತುವ ಮೊದಲು ನನಗೊಂದು ಮಾತು ಕೇಳೋಣ ಅಂತ ಫೋನು.

ನಾನು ಊರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೆಲವು ವರ್ಷ ಇದ್ದವನು. ಈ ‘ನೋ ಸಿಗ್ನಲ್’ ಡಬ್ಬಿಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅದು ಮಾನಿಟರ್ ಕೆಟ್ಟಿದೆ ಅಂತ ಹೇಳುತ್ತಿಲ್ಲ. ಆ ಡಬ್ಬಿಯನ್ನು ಪರದೆಯ ಮೇಲೆ ಬರೆಯುತ್ತಿರುವುದು ಮಾನಿಟರೇ. ಅಂದರೆ ಅದರ ಪರದೆ, ಬೆಳಕು, ಒಳಗಿನ ಬೋರ್ಡ್ ಎಲ್ಲ ಬಹುಮಟ್ಟಿಗೆ ಸರಿಯಾಗಿಯೇ ಇವೆ. ‘ನಾನು ಕಾಯ್ತಾ ಇದ್ದೀನಿ, ಆ ಕಡೆಯಿಂದ ಯಾರೂ ಮಾತಾಡ್ತಾ ಇಲ್ಲ’ ಅನ್ನುತ್ತಿದೆ, ಅಷ್ಟೇ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಕಿತ್ತು ಹಾಕಿ ಜೋಡಿಸುವುದಕ್ಕಿಂತ, ಮಾತು ಎಲ್ಲಿ ಕಡಿಯಿತು ಅಂತ ಹುಡುಕಿದರೆ ಕೆಲಸ ಬೇಗ ಆಗುತ್ತದೆ.

ಚಿತ್ರಕ್ಕೆ ಮೊದಲು ನಡೆಯುವ ಮಾತು

ಲ್ಯಾಪ್‌ಟಾಪ್ ಚಿತ್ರವನ್ನು ಸುಮ್ನೆ ವೈರಿನೊಳಗೆ ಸುರಿಯುವುದಿಲ್ಲ. ಎಚ್‌ಡಿಎಂಐ ಕೇಬಲ್‌ನ ತುದಿ ನೋಡಿ. ಅದರಲ್ಲಿ 19 ಪಿನ್ ಇವೆ. ಚಿತ್ರ ಹೊತ್ತೊಯ್ಯುವುದು ಅದರಲ್ಲಿ ಕೆಲವು ಜೋಡಿಗಳು ಮಾತ್ರ. ಉಳಿದವುಗಳಲ್ಲಿ ನಾಲ್ಕು ಪಿನ್‌ಗಳ ಮೇಲೆ ನಮ್ಮ ಅರ್ಧ ತೊಂದರೆ ನಿಂತಿದೆ.

18ನೇ ಪಿನ್‌ನಲ್ಲಿ ಲ್ಯಾಪ್‌ಟಾಪ್ 5 ವೋಲ್ಟ್ ಕರೆಂಟ್ ಕಳಿಸುತ್ತದೆ. ‘ಬಾಗಿಲು ತಟ್ಟಿದೆ’ ಅಂದ ಹಾಗೆ. ಮಾನಿಟರ್ ಆ ವೋಲ್ಟೇಜನ್ನು 19ನೇ ಪಿನ್ ಮೂಲಕ ವಾಪಸ್ ತೋರಿಸುತ್ತದೆ. ಇದಕ್ಕೆ ಹಾಟ್ ಪ್ಲಗ್ ಡಿಟೆಕ್ಟ್ ಅಂತ ಹೆಸರು. ಆಗ ಲ್ಯಾಪ್‌ಟಾಪ್‌ಗೆ ಆ ತುದಿಯಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ. ಆಮೇಲೆ 15 ಮತ್ತು 16ನೇ ಪಿನ್‌ಗಳ ಮೇಲೆ ಅದು ಮಾನಿಟರ್‌ನ ಬಯೋಡೇಟಾ ಕೇಳುತ್ತದೆ. ಸಂಬಂಧ ಕೂಡಿಸುವಾಗ ಹುಡುಗನ ಕಡೆಯವರು ಕೇಳುವಂಥದ್ದೇ. ಯಾವ ಕಂಪನಿ, ಯಾವ ಮಾದರಿ, ಯಾವ ವರ್ಷ ತಯಾರಾದದ್ದು, ಎಷ್ಟು ದೊಡ್ಡ ಚಿತ್ರ ಹಿಡಿಯುತ್ತೀಯಾ, ಸೆಕೆಂಡಿಗೆ ಎಷ್ಟು ಸಲ ಬದಲಿಸಬಲ್ಲೆ. ಇದನ್ನು ಎಡಿಡ್ ಅನ್ನುತ್ತಾರೆ. ಅದರ ಮೂಲ ಭಾಗ ಬರೀ 128 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ ಕಂಪ್ಯೂಟರ್ ಸಾಮಾನ್ಯವಾಗಿ 3 ಬೈಟ್ ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ಈ ಪ್ಯಾರಾದ ಮೊದಲ ವಾಕ್ಯ ಕೂಡ ಅದರೊಳಗೆ ಪೂರ್ತಿ ಹಿಡಿಯುವುದಿಲ್ಲ. ಆದರೆ ಆ ಚಿಟಿಕೆಯಷ್ಟು ಮಾಹಿತಿ ಸಿಗದೆ ಹೋದರೆ ಇಷ್ಟು ದೊಡ್ಡ ಮಾನಿಟರ್ ಕತ್ತಲಲ್ಲಿ ಕೂರುತ್ತದೆ.

ಬಯೋಡೇಟಾ ಓದಿದ ಮೇಲೆ ಲ್ಯಾಪ್‌ಟಾಪ್ ಒಂದು ಅಳತೆ ಆರಿಸಿಕೊಂಡು ಚಿತ್ರ ಕಳಿಸುತ್ತದೆ. ಹೀಗೆ ತಟ್ಟುವುದು, ಓಗೊಡುವುದು, ಪರಿಚಯ, ಚಿತ್ರ ಅಂತ ನಾಲ್ಕು ಹೆಜ್ಜೆ. ಎಲ್ಲ ಸೇರಿ ಒಂದೆರಡು ಸೆಕೆಂಡಿನ ಆಟ. ಕೇಬಲ್ ಚುಚ್ಚಿದಾಗ ಲ್ಯಾಪ್‌ಟಾಪ್‌ನ ಪರದೆ ಒಮ್ಮೆ ಕಣ್ಣು ಮಿಟುಕಿಸಿದ ಹಾಗೆ ಆಗುತ್ತದಲ್ವಾ? ಅದು ಈ ಮಾತುಕತೆ ನಡೆದದ್ದಕ್ಕೆ ಸಾಕ್ಷಿ. ಕೇಬಲ್ ಚುಚ್ಚಿದರೂ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸದೆ ಇದ್ದರೆ, ಮೊದಲ ಎರಡು ಹೆಜ್ಜೆಯಲ್ಲೇ ಏನೋ ಸಿಕ್ಕಿಹಾಕಿಕೊಂಡಿದೆ ಅಂತ ನನ್ನ ಅನುಮಾನ ಹೋಗುತ್ತದೆ.

ಇದರಿಂದ ಇನ್ನೊಂದು ಒಗಟೂ ಬಿಡಿಸಿಕೊಳ್ಳುತ್ತದೆ. ಬಯೋಡೇಟಾ ಇಟ್ಟುಕೊಂಡ ಪುಟ್ಟ ಚಿಪ್‌ಗೆ ಆ 5 ವೋಲ್ಟೇ ಸಾಕು. ಆದ್ದರಿಂದ ಎಷ್ಟೋ ಮಾನಿಟರ್‌ಗಳು ಬಟನ್ ಒತ್ತಿ ಆಫ್ ಮಾಡಿದರೂ ಲ್ಯಾಪ್‌ಟಾಪ್‌ಗೆ ಕಾಣುತ್ತಲೇ ಇರುತ್ತವೆ. ‘ಎಕ್ಸೆಲ್ ತೆರೆದೆ, ಕೆಳಗೆ ಐಕಾನ್ ಕಾಣ್ತದ, ಕಿಟಕಿ ಮಾತ್ರ ಮಾಯ’ ಅಂತ ಹೇಳುವವರನ್ನು ನೋಡಿದ್ದೇನೆ. ಕಿಟಕಿ ಮಾಯ ಆಗಿಲ್ಲ, ಆಫ್ ಆಗಿರುವ ಮಾನಿಟರ್‌ನ ಕತ್ತಲಲ್ಲಿ ತೆರೆದು ಕೂತಿದೆ.

ನಾಚಿಕೆಯ ಒಂದು ಭಾನುವಾರ

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಲ್ಯಾಬ್‌ನಲ್ಲಿದ್ದಾಗ ಒಂದು ಭಾನುವಾರ ಪೂರ್ತಿ ಒಂದು ಮಾನಿಟರ್ ಹಿಂದೆ ಬಿದ್ದಿದ್ದೆ. ಕೇಬಲ್ ಬದಲಿಸಿದೆ, ಡ್ರೈವರ್ ಬದಲಿಸಿದೆ, ಬೇರೆ ಲ್ಯಾಪ್‌ಟಾಪ್ ತಂದೆ. ಸಂಜೆ ಚಹಾ ತಂದ ಹುಡುಗ ಮಾನಿಟರ್ ಕೆಳಗಿನ ಬಟನ್ ಒತ್ತಿ ನೋಡಿದ. ಇನ್‌ಪುಟ್ ವಿಜಿಎ ಮೇಲಿತ್ತು. ನಾನು ಚುಚ್ಚಿದ್ದು ಎಚ್‌ಡಿಎಂಐ. ಅವನು ಏನೂ ಹೇಳಲಿಲ್ಲ, ಲೋಟ ಎತ್ತಿಕೊಂಡು ಹೋದ.

ಆವತ್ತಿನಿಂದ ನನ್ನ ಕೈ ಮೊದಲು ಹೋಗುವುದು ಮಾನಿಟರ್‌ನ ಬಟನ್‌ಗೆ. ಮಾನಿಟರ್‌ಗೆ ಎರಡು ಮೂರು ಬಾಗಿಲು ಇರುತ್ತವೆ. ವಿಜಿಎ, ಎಚ್‌ಡಿಎಂಐ ಒಂದು, ಎಚ್‌ಡಿಎಂಐ ಎರಡು, ಡಿಸ್‌ಪ್ಲೇಪೋರ್ಟ್, ಟೈಪ್-ಸಿ. ಒಂದು ಹೊತ್ತಿಗೆ ಅದು ಒಂದೇ ಬಾಗಿಲಲ್ಲಿ ನಿಂತು ಕಾಯುತ್ತದೆ. ‘ಆಟೋ’ ಅಂತ ಇದ್ದರೂ ಅದನ್ನು ಪೂರ್ತಿ ನಂಬಬೇಡಿ. ಕೆಲವು ಮಾನಿಟರ್‌ಗಳು ಒಂದು ಸುತ್ತು ಹುಡುಕಿ, ಯಾರೂ ಸಿಗದಿದ್ದರೆ ಮಲಗಿಬಿಡುತ್ತವೆ. ನೀವು ಲ್ಯಾಪ್‌ಟಾಪ್ ಎಬ್ಬಿಸುವ ಹೊತ್ತಿಗೆ ಅದು ನಿದ್ದೆಯಲ್ಲಿರುತ್ತದೆ. ಹಿಂದೆ ಚುಚ್ಚಿರುವ ಪೋರ್ಟ್‌ನ ಹೆಸರು ನೋಡಿ, ಮೆನುವಿನಲ್ಲಿ ಅದೇ ಹೆಸರನ್ನು ಕೈಯಾರೆ ಆರಿಸಿ.

ಬಟನ್ ಒತ್ತಿದಾಗ ಮೆನು ಪರದೆಯ ಮೇಲೆ ಬಂತು ಅಂದರೆ ಇನ್ನೊಂದು ಲಾಭವೂ ಇದೆ. ಪರದೆ ಸತ್ತಿಲ್ಲ ಅಂತ ಖಾತ್ರಿ ಆಯಿತು. ಮೆನುವೂ ಬಾರದೆ ದೀಪ ಮಾತ್ರ ಉರಿಯುತ್ತಿದ್ದರೆ, ಗೋಡೆಯ ಸಾಕೆಟ್‌ನಿಂದ ಮಾನಿಟರ್ ಪ್ಲಗ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗ ಕೆಲವು ಮಾನಿಟರ್‌ಗಳು ಹೀಗೆ ಮಂಕಾಗಿ ಕೂರುವುದುಂಟು. ಸ್ವಿಚ್ ಆಫ್ ಮಾಡಿ ತಕ್ಷಣ ಆನ್ ಮಾಡಿದರೆ ಸಾಲದು. ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಇಳಿಯಬೇಕು.

ಲ್ಯಾಪ್‌ಟಾಪ್ ಏನನ್ನುತ್ತದೆ

ಮಾನಿಟರ್ ಸರಿಯಿದೆ ಅಂತಾದ ಮೇಲೆ ಲ್ಯಾಪ್‌ಟಾಪ್ ಕಡೆ ಬನ್ನಿ. ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ. ನಾಲ್ಕು ಆಯ್ಕೆ ಬರುತ್ತವೆ. ಲ್ಯಾಪ್‌ಟಾಪ್ ಪರದೆ ಮಾತ್ರ, ಎರಡರಲ್ಲೂ ಒಂದೇ ಚಿತ್ರ, ಎರಡನ್ನೂ ಸೇರಿಸಿ ಒಂದು ದೊಡ್ಡ ಮೇಜು, ಎರಡನೆಯದು ಮಾತ್ರ. ಮೊದಲನೆಯದರಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಎಷ್ಟು ಕೇಬಲ್ ಬದಲಿಸಿದರೂ ಚಿತ್ರ ಬರುವುದಿಲ್ಲ. ಪರೀಕ್ಷೆ ಮಾಡುವಾಗ ಎರಡನೆಯದು, ಅಂದರೆ ಡುಪ್ಲಿಕೇಟ್, ಒಳ್ಳೆಯದು. ದಿನದ ಕೆಲಸಕ್ಕೆ ಮೂರನೆಯದಾದ ಎಕ್ಸ್‌ಟೆಂಡ್.

ಅಲ್ಲಿಗೂ ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ ತೆರೆಯಿರಿ. ಮಲ್ಟಿಪಲ್ ಡಿಸ್‌ಪ್ಲೇಸ್ ಅನ್ನುವಲ್ಲಿ ‘ಡಿಟೆಕ್ಟ್’ ಬಟನ್ ಇರುತ್ತದೆ. ಒತ್ತಿ. ನನ್ನ ಪ್ರಕಾರ ಈ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಮುಖ್ಯವಾದ ಜಾಗ ಇನ್ನೊಂದಿಲ್ಲ. ಯಾಕೆಂದರೆ ದಾರಿ ಇಲ್ಲೇ ಎರಡಾಗಿ ಸೀಳುತ್ತದೆ.

ಮೇಲೆ 1, 2 ಅಂತ ಎರಡು ಚೌಕ ಕಂಡು, ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ನಿಮ್ಮ ಮಾನಿಟರ್‌ನ ಹೆಸರು ಬಂದರೆ, ಬಯೋಡೇಟಾ ತಲುಪಿದೆ. ತಟ್ಟಿದ್ದು, ಓಗೊಟ್ಟಿದ್ದು, ಪರಿಚಯ ಎಲ್ಲ ಆಗಿದೆ. ಉಳಿದದ್ದು ಚಿತ್ರದ ಹೆಜ್ಜೆ ಮಾತ್ರ. ಆಗ ರೆಸಲ್ಯೂಷನ್, ಅಂದರೆ ಚಿತ್ರದ ಚುಕ್ಕೆಗಳ ಲೆಕ್ಕ, ಇಳಿಸಿ ನೋಡುವುದು, ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಅನ್ನುವುದನ್ನು, 60 ಹರ್ಟ್ಸ್‌ಗೆ ತರುವುದು, ಬೇರೆ ಕೇಬಲ್ ಹಾಕುವುದು ಇಂಥವೇ ಮದ್ದು. ಎರಡನೇ ಚೌಕವೇ ಬಾರದಿದ್ದರೆ ರೆಸಲ್ಯೂಷನ್ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ. ಕೇಬಲ್, ಪೋರ್ಟ್, ಕನ್ವರ್ಟರ್ ಕಡೆ ನೋಡಬೇಕು. ಅಪರೂಪಕ್ಕೆ ಡ್ರೈವರ್.

ಮ್ಯಾಕ್ ಇದ್ದವರಿಗೆ ಡಿಸ್‌ಪ್ಲೇಸ್ ಸೆಟ್ಟಿಂಗ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದರೆ ಡಿಟೆಕ್ಟ್ ಬಟನ್ ಕಾಣುತ್ತದೆ. 2020ರ ಎಂ1 ಮ್ಯಾಕ್‌ಬುಕ್ ಏರ್‌ಗೆ ಹೊರಗಿನ ಮಾನಿಟರ್ ಒಂದನ್ನೇ ನೇರವಾಗಿ ಜೋಡಿಸಬಹುದು. ಎರಡನೆಯದು ಬರಲಿಲ್ಲ ಅಂತ ಕೇಬಲ್‌ಗೆ ಬೈಯಬೇಡಿ.

ಅಣ್ಣನ ಮಗಳಿಗೆ ಫೋನ್‌ನಲ್ಲಿ ಇಷ್ಟನ್ನೂ ಮಾಡಿಸಿದೆ. ಇನ್‌ಪುಟ್ ಟೈಪ್-ಸಿ ಮೇಲೇ ಇತ್ತು. ಎರಡನೇ ಚೌಕ ಬರಲಿಲ್ಲ.

“ಕೇಬಲ್ ಹೆಂಗದ?”

“ಕೇಬಲ್ ಚಲೋ ಅದ ಕಾಕಾ. ಮಾನಿಟರ್‌ನಿಂದ ಲ್ಯಾಪ್‌ಟಾಪ್ ಚಾರ್ಜ್ ಬ್ಯಾರೆ ಆಗ್ಲತ್ತದ.”

ಬಿಸಿಲು ಇಳಿದ ಮೇಲೆ ಬರುತ್ತೇನೆ ಅಂದೆ. ಅವಳ ಆ ಒಂದು ಮಾತಿನಲ್ಲಿ ಉತ್ತರ ಸಿಕ್ಕಿಬಿಟ್ಟಿತ್ತು.

ಟೈಪ್-ಸಿ ಅನ್ನುವ ಮೋಸಗಾರ

ಟೈಪ್-ಸಿ ಅನ್ನುವುದು ತುದಿಯ ಆಕಾರದ ಹೆಸರು ಮಾತ್ರ. ಒಳಗೆ ಏನು ಹರಿಯುತ್ತದೆ ಅನ್ನುವುದನ್ನು ಆ ಆಕಾರ ಹೇಳುವುದಿಲ್ಲ. ಅದರಲ್ಲಿ 24 ಪಿನ್‌ಗೆ ಜಾಗ ಇದೆ. ಚಿತ್ರ ಹೋಗುವುದು ಅತಿ ವೇಗದ ಕೆಲವು ಜೋಡಿ ತಂತಿಗಳ ಮೇಲೆ. ಫೋನ್ ಚಾರ್ಜರ್ ಜೊತೆ ಬರುವ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಆ ತಂತಿಗಳೇ ಇರುವುದಿಲ್ಲ. ಕರೆಂಟ್ ತಂತಿ, ಹಳೆ ಯುಎಸ್‌ಬಿ 2.0ರ ಒಂದು ಜೋಡಿ, ಎರಡು ಉಪಕರಣಗಳು ಪರಸ್ಪರ ಗುರುತು ಹಿಡಿಯಲು ಒಂದು ತಂತಿ. ಮುಗೀತು. ಅದರಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಪೆನ್‌ಡ್ರೈವ್ ವೇಗದಲ್ಲಿ ಫೈಲೂ ಹೋಗುತ್ತದೆ, ಚಿತ್ರ ಮಾತ್ರ ಹೋಗುವುದಿಲ್ಲ. ಚಾರ್ಜ್ ಆಗುತ್ತಿದೆ ಅನ್ನುವುದು ಕೇಬಲ್ ಒಳ್ಳೆಯದು ಅನ್ನುವುದಕ್ಕೆ ಸಾಕ್ಷಿ ಅಲ್ಲವೇ ಅಲ್ಲ.

ಸಂಜೆ ಹೋಗಿ ನೋಡಿದರೆ ಹಾಗೇ ಇತ್ತು. ಮೇಜಿನ ಮೇಲಿದ್ದದ್ದು ಅವಳ ಫೋನಿನ ಬಿಳಿ ಕೇಬಲ್, ಸಪೂರ, ಎರಡು ಮೀಟರ್ ಉದ್ದ. ಮಾನಿಟರ್ ಜೊತೆ ಬಂದಿದ್ದ ಕೇಬಲ್ ಡಬ್ಬದ ಥರ್ಮಾಕೋಲ್ ಸಂದಿಯಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇತ್ತು.

“ಅದು ಗಿಡ್ಡ ಅದ, ಬಿರುಸೂ ಅದ. ಅದಕ್ಕ ಇದು ಹಾಕೀನಿ” ಅಂದಳು.

ಬಿರುಸಾಗಿರುವುದಕ್ಕೆ ಕಾರಣ ಇದೆ. ಒಳಗೆ ತಂತಿ ಜಾಸ್ತಿ, ಪ್ರತಿ ವೇಗದ ಜೋಡಿಗೂ ಸುತ್ತ ತಗಡಿನ ಹೊದಿಕೆ. ಅದನ್ನು ಚುಚ್ಚಿದೆ. ಲ್ಯಾಪ್‌ಟಾಪ್ ಕಣ್ಣು ಮಿಟುಕಿಸಿತು, 27 ಇಂಚು ತುಂಬ ಅವಳ ಆಫೀಸಿನ ಹಸಿರು ವಾಲ್‌ಪೇಪರ್ ಬಂತು. ಈಗ ಆ ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿದ್ದಾಳೆ, ಮನೆಯಲ್ಲಿ ಯಾರೂ ಫೋನಿಗೆ ಒಯ್ಯದಿರಲಿ ಅಂತ.

ಕೇಬಲ್ ಸರಿಯಿದ್ದರೂ ಪೋರ್ಟ್ ಕೈ ಕೊಡಬಹುದು. ಎಲ್ಲ ಲ್ಯಾಪ್‌ಟಾಪ್‌ಗಳ ಟೈಪ್-ಸಿ ಪೋರ್ಟ್ ಚಿತ್ರ ಕೊಡುವುದಿಲ್ಲ. ಅಗ್ಗದ ಎಷ್ಟೋ ಮಾದರಿಗಳಲ್ಲಿ ಅದು ಡೇಟಾಕ್ಕೆ ಮಾತ್ರ. ಪೋರ್ಟ್ ಪಕ್ಕದಲ್ಲಿ ಬಾಣದ ತುದಿಯ ಮಿಂಚಿನ ಗುರುತು ಇದ್ದರೆ ಅದು ಥಂಡರ್‌ಬೋಲ್ಟ್, ಚಿತ್ರ ಬರುತ್ತದೆ. ಡಿ ಮತ್ತು ಪಿ ಹೆಣೆದುಕೊಂಡ ಡಿಸ್‌ಪ್ಲೇಪೋರ್ಟ್ ಗುರುತು ಇದ್ದರೂ ಬರುತ್ತದೆ. ಬ್ಯಾಟರಿ ಚಿತ್ರ ಇದ್ದರೆ ಅದು ಚಾರ್ಜಿಂಗ್‌ನ ಸುದ್ದಿ ಮಾತ್ರ, ಚಿತ್ರದ ಬಗ್ಗೆ ಏನೂ ಹೇಳುವುದಿಲ್ಲ. ಗುರುತೇ ಇಲ್ಲದಿದ್ದರೆ ನಿಮ್ಮ ಮಾದರಿ ಸಂಖ್ಯೆ ಹಾಕಿ ಕಂಪನಿಯ ವಿವರ ಪುಟ ನೋಡಿ. ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’, ಅಂದರೆ ಟೈಪ್-ಸಿ ಮೂಲಕ ಚಿತ್ರ ಕಳಿಸುವ ಸೌಲಭ್ಯ, ಅನ್ನುವ ಮಾತು ಅಲ್ಲಿ ಇರಬೇಕು. ಹಬ್ ಅಥವಾ ಡಾಕ್ (ಒಂದು ಪೋರ್ಟ್‌ನಿಂದ ಹಲವು ಪೋರ್ಟ್ ಕೊಡುವ ಡಬ್ಬಿ) ಕೊಳ್ಳುವ ಮೊದಲು ಇದನ್ನು ನೋಡಿಕೊಂಡರೆ ದುಡ್ಡು ಉಳಿಯುತ್ತದೆ. ಪೋರ್ಟ್‌ನಲ್ಲಿ ಇಲ್ಲದ್ದನ್ನು ಸಾದಾ ಹಬ್ ಹುಟ್ಟಿಸಲಾರದು. ಡಿಸ್‌ಪ್ಲೇಲಿಂಕ್ ಥರದ ಡಾಕ್‌ಗಳು ಬೇರೆ ಜಾತಿ. ಅವು ಸಾದಾ ಯುಎಸ್‌ಬಿ ಮೇಲೂ ಚಿತ್ರ ಕೊಡುತ್ತವೆ, ಆದರೆ ಅವುಗಳ ಡ್ರೈವರ್ ಹಾಕಲೇಬೇಕು.

ಮುನೀಮರ ಕನ್ವರ್ಟರ್

ಇದು ತೊಗರಿ ಸೀಮೆ. ದಾಲ್ ಮಿಲ್‌ಗಳ ಆಫೀಸಿನಲ್ಲಿ ಇವತ್ತಿಗೂ ಚೌಕ ಮುಖದ ಹಳೆ ಮಾನಿಟರ್‌ಗಳು ಧೂಳು ಕುಡಿದುಕೊಂಡು ದುಡಿಯುತ್ತಿವೆ. ಪರಿಚಯದ ಮುನೀಮರೊಬ್ಬರು ಹೊಸ ಲ್ಯಾಪ್‌ಟಾಪ್ ಕೊಂಡರು. ಹಳೆ ಮಾನಿಟರ್ ಬಿಡಲು ಮನಸ್ಸಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ, ಮಾನಿಟರ್‌ನಲ್ಲಿ ವಿಜಿಎ. ಅಂಗಡಿಗೆ ಹೋಗಿ ಕನ್ವರ್ಟರ್ ತಂದರು. ಬರಲಿಲ್ಲ.

“ಇದು ಎರಡೂ ಕಡಿ ನಡೀತದ ಅಂದಾರ್ರೀ ಅಂಗಡ್ಯಾಗ.”

“ಇಲ್ರೀ, ಇದು ಒಂದೇ ಕಡಿ ನಡೀತದ. ನಿಮಗ ಬೇಕಾಗಿದ್ದು ಇದರ ಉಲ್ಟಾ.”

ಇದು ತುಂಬ ಜನ ಎಡವುವ ಕಲ್ಲು. ವಿಜಿಎ 1987ರಲ್ಲಿ ಐಬಿಎಂ ತಂದದ್ದು. ಅದರಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳು ಏರಿಳಿಯುವ ವೋಲ್ಟೇಜ್ ಆಗಿ ಹರಿಯುತ್ತವೆ. ಎಚ್‌ಡಿಎಂಐಯಲ್ಲಿ ಬರೀ ಸೊನ್ನೆ, ಒಂದು. ಎರಡೂ ಬೇರೆ ಬೇರೆ ಭಾಷೆ, ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿ ಒಂದು ಚಿಪ್. ಮತ್ತೆ ಆ ಚಿಪ್‌ಗೆ ಒಂದು ದಿಕ್ಕಿನ ಅನುವಾದ ಮಾತ್ರ ಬರುತ್ತದೆ. ಒಳಗೆ ಚಿಪ್ ಇಲ್ಲದೆ ಎರಡು ತುದಿ ಸುಮ್ನೆ ಬೆಸೆದ ಎಚ್‌ಡಿಎಂಐ-ವಿಜಿಎ ವೈರುಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಸಾಮಾನ್ಯ ಲ್ಯಾಪ್‌ಟಾಪ್‌ಗೆ ಅವುಗಳಿಂದ ಏನೂ ಆಗದು.

ಗುರುತಿಸುವುದು ಹೇಗೆ? ಲ್ಯಾಪ್‌ಟಾಪ್‌ನಿಂದ ಹಳೆ ಮಾನಿಟರ್‌ಗೆ ಹೋಗುವ ಕನ್ವರ್ಟರ್‌ನಲ್ಲಿ ಸಾಮಾನ್ಯವಾಗಿ ಎಚ್‌ಡಿಎಂಐ ಕಡೆ ಚುಚ್ಚುವ ತುದಿ ಇರುತ್ತದೆ, ವಿಜಿಎ ಕಡೆ 15 ತೂತಿನ ಬಾಯಿ. ಮುನೀಮರು ತಂದದ್ದರಲ್ಲಿ ವಿಜಿಎ ಕಡೆ ಪಿನ್ ಹೊರಗೆ ಚಾಚಿದ್ದವು, ಪಕ್ಕದಲ್ಲಿ ಯುಎಸ್‌ಬಿ ಬಾಲ ಬೇರೆ. ಅದು ಹಳೆ ಕಂಪ್ಯೂಟರ್‌ನಿಂದ ಹೊಸ ಟಿವಿಗೆ ಹೋಗುವ ದಾರಿ. ಅದನ್ನು ಮಾನಿಟರ್ ಹಿಂದೆ ನೇರ ಚುಚ್ಚಿ, ಇನ್ನೊಂದು ಕಡೆ ಎಚ್‌ಡಿಎಂಐ ಕೇಬಲ್ ಹಾಕಿದ್ದರು. ಕೂರುವುದು ಚೆನ್ನಾಗಿಯೇ ಕೂರುತ್ತದೆ. ಅದೇ ಬಂತು ತೊಂದರೆ.

ಸರಿಯಾದ ಕನ್ವರ್ಟರ್ ತಂದ ಮೇಲೂ ಅವರ ಮಾನಿಟರ್‌ನಲ್ಲಿ ಅಕ್ಷರ ಅಡ್ಡಡ್ಡ ಹಿಗ್ಗಿದ್ದವು. ವಿಜಿಎ ಕೇಬಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. 9ನೇ ಪಿನ್ ಇರಲಿಲ್ಲ, ಅದು ಪರವಾಗಿಲ್ಲ, ಎಷ್ಟೋ ಕೇಬಲ್‌ಗಳಲ್ಲಿ ಇರುವುದಿಲ್ಲ. ಆದರೆ 12ನೇ ಪಿನ್ ಮಡಚಿಕೊಂಡು ಬುಡಕ್ಕೆ ಅಂಟಿತ್ತು. ವಿಜಿಎಯಲ್ಲಿ ಬಯೋಡೇಟಾ ಹೋಗುವುದು 12 ಮತ್ತು 15ನೇ ಪಿನ್‌ಗಳ ಮೇಲೆ. ಅದು ಸಿಗದಿದ್ದಾಗ ಲ್ಯಾಪ್‌ಟಾಪ್ ಸುರಕ್ಷಿತ ಅಂತ ಯಾವುದೋ ಒಂದು ಅಳತೆ ಊಹೆ ಮಾಡಿ ಕಳಿಸುತ್ತದೆ. ಸೂಜಿಯಿಂದ ಪಿನ್ ನಿಧಾನಕ್ಕೆ ಎಬ್ಬಿಸಿದೆ. ಅಕ್ಷರಗಳು ಸೊಂಟ ಸಣ್ಣ ಮಾಡಿಕೊಂಡವು.

ಬಂದು ಬಂದು ಹೋಗುವ ಚಿತ್ರ

ಪೂರ್ತಿ ಕತ್ತಲಿಗಿಂತ ಇದು ಜಾಸ್ತಿ ಸತಾಯಿಸುತ್ತದೆ. ಹತ್ತು ನಿಮಿಷ ಸರಿ, ಎರಡು ಸೆಕೆಂಡ್ ಕಪ್ಪು, ಮತ್ತೆ ಸರಿ. ಇಲ್ಲವೇ ಪರದೆ ಮೇಲೆ ಬಿಳಿ ಚುಕ್ಕೆಗಳು ಮಿಣುಕುವುದು. ಇದರ ಬೇರು ಎಷ್ಟೋ ಸಲ ಕೇಬಲ್‌ನ ತಾಕತ್ತಿನಲ್ಲಿರುತ್ತದೆ.

ಲೆಕ್ಕ ಹಾಕಿ ನೋಡಿ. ಫುಲ್ ಎಚ್‌ಡಿ ಅಂದರೆ 1920 ಇಂಟು 1080, ಸುಮಾರು 20.7 ಲಕ್ಷ ಚುಕ್ಕೆ. ಸೆಕೆಂಡಿಗೆ 60 ಸಲ ಅಂದರೆ 12.4 ಕೋಟಿ ಚುಕ್ಕೆಯ ಲೆಕ್ಕ ಒಪ್ಪಿಸಬೇಕು. 4ಕೆ ಅಂದರೆ ಅದರ ನಾಲ್ಕು ಪಟ್ಟು, ಹತ್ತಿರ ಹತ್ತಿರ 50 ಕೋಟಿ. 2009ರ ಎಚ್‌ಡಿಎಂಐ 1.4ಗೆ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಕಳಿಸುವಷ್ಟೇ ಶಕ್ತಿ. 60 ಸಲ ಬೇಕಾದರೆ 2013ರಲ್ಲಿ ಬಂದ 2.0 ಬೇಕು, ಅದರ ಮಿತಿ ಸೆಕೆಂಡಿಗೆ 18 ಗಿಗಾಬಿಟ್. ಲ್ಯಾಪ್‌ಟಾಪ್, ಕೇಬಲ್, ಮಾನಿಟರ್ ಮೂರರಲ್ಲಿ ಯಾವುದು ಹಿಂದೆ ಬಿದ್ದಿದೆಯೋ ಅದರ ವೇಗಕ್ಕೆ ಎಲ್ಲರೂ ನಡೆಯಬೇಕು. 4ಕೆ ಮಾನಿಟರ್ ಮೇಲೆ ಮೌಸ್ ಬಾಣ ತೊದಲಿದಂತೆ ಚಲಿಸಿದರೆ ಅದು 30 ಹರ್ಟ್ಸ್‌ನಲ್ಲಿ ಇದೆಯಾ ಅಂತ ನೋಡಿ.

ಪರೀಕ್ಷೆ ಸುಲಭ. ರೆಸಲ್ಯೂಷನ್ ಅಥವಾ ರಿಫ್ರೆಶ್ ರೇಟ್ ಒಂದು ಮೆಟ್ಟಿಲು ಇಳಿಸಿ. ಚಿತ್ರ ಅಲುಗದೆ ನಿಂತರೆ ಕೇಬಲ್‌ಗೆ ಭಾರ ಜಾಸ್ತಿಯಾಗಿತ್ತು ಅಂತ ಅರ್ಥ. ಸಣ್ಣದೂ ದಪ್ಪದೂ ಆದ ಇನ್ನೊಂದು ಕೇಬಲ್ ಹಾಕಿ, ಅಂದರೆ ಉದ್ದದಲ್ಲಿ ಸಣ್ಣದು. ಡಬ್ಬದ ಮೇಲೆ ‘ಪ್ರೀಮಿಯಂ ಹೈ ಸ್ಪೀಡ್’ ಅಥವಾ ‘ಅಲ್ಟ್ರಾ ಹೈ ಸ್ಪೀಡ್’ ಅಂತ ಸ್ಕ್ಯಾನ್ ಮಾಡಬಹುದಾದ ಚೀಟಿ ಇದ್ದರೆ ಪರೀಕ್ಷೆ ಪಾಸಾದದ್ದು. ‘ವರ್ಷನ್ 2.0 ಕೇಬಲ್’ ಅಂತ ಬರೀ ಅಚ್ಚು ಹಾಕಿದ್ದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ.

ಸಭಾಂಗಣದ ಪ್ರೊಜೆಕ್ಟರ್‌ಗಳ ಗೋಳು ಇದೇ. ವೇದಿಕೆಯಿಂದ ಸೂರಿನವರೆಗೆ 15 ಮೀಟರ್ ಸಾದಾ ತಾಮ್ರದ ಕೇಬಲ್ ಎಳೆದಿರುತ್ತಾರೆ, ಗೋಡೆಯೊಳಗೆ ಹುಗಿದು ಸಿಮೆಂಟ್ ಬೇರೆ ಬಳಿದಿರುತ್ತಾರೆ. ಅತಿಥಿಗಳ ಭಾಷಣದ ನಡುವೆ ಅದು ಕಣ್ಣಾಮುಚ್ಚಾಲೆ ಆಡುತ್ತದೆ. ಅಷ್ಟು ದೂರಕ್ಕೆ ಒಳಗೆ ಚಿಪ್ ಇರುವ ಆ್ಯಕ್ಟಿವ್ ಕೇಬಲ್ ಅಥವಾ ಫೈಬರ್ ಎಚ್‌ಡಿಎಂಐ ಬೇಕು. ಅವುಗಳಿಗೂ ದಿಕ್ಕು ಇದೆ, ಯಾವ ತುದಿ ಲ್ಯಾಪ್‌ಟಾಪ್‌ಗೆ ಅಂತ ಬರೆದಿರುತ್ತದೆ. ಗೋಡೆಗೆ ಹುಗಿಯುವ ಮೊದಲು ಓದಿಕೊಳ್ಳಿ.

ಕರೆಂಟು, ಅರ್ಥಿಂಗು, ಬಿಸಿಲು

ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಎರಡು ಪಿನ್‌ನ ಚಾರ್ಜರ್, ಅಥವಾ ಅರ್ಥಿಂಗ್ ಇಲ್ಲದ ಸಾಕೆಟ್ ಇದ್ದಲ್ಲಿ ಹೀಗಾಗುತ್ತದೆ. ಚಾರ್ಜರ್ ಒಳಗಿನ ಫಿಲ್ಟರ್‌ನಿಂದ ಸೋರುವ ತೀರಾ ಸಣ್ಣ ಕರೆಂಟ್ ಅದು. ಅಂಥ ಲ್ಯಾಪ್‌ಟಾಪನ್ನು ಬೇರೆ ಕೋಣೆಯ ಸಾಕೆಟ್‌ನಲ್ಲಿರುವ ಟಿವಿಗೆ ಜೋಡಿಸಿದಾಗ, ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಎಚ್‌ಡಿಎಂಐ ಕೇಬಲ್ ಮೂಲಕ ಹರಿಯಲು ನೋಡುತ್ತದೆ. ಚುಚ್ಚುವಾಗ ಪುಟ್ಟ ಕಿಡಿ ಹಾರಿ ಪೋರ್ಟ್ ಸಾಯಬಹುದು. ಲ್ಯಾಪ್‌ಟಾಪ್ ಮತ್ತು ಮಾನಿಟರ್ ಎರಡನ್ನೂ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಮೂರು ಪಿನ್ ಪ್ಲಗ್‌ನ ದಪ್ಪ ಕಾಲು ಮುರಿದು ಹಾಕುವ ಚಾಳಿ ನಮ್ಮಲ್ಲಿದೆ, ಅದನ್ನು ಬಿಡಬೇಕು. ಜೂನ್‌ನಲ್ಲಿ ಮೊದಲ ಗುಡುಗು ಕೇಳಿದಾಗ ಪ್ಲಗ್ ತೆಗೆಯುವುದೂ ಒಳ್ಳೆಯದೇ.

ಬಿಸಿಲಿನದ್ದು ಬೇರೆ ಕಥೆ. ಹೊರಗೆ 42 ಡಿಗ್ರಿ ಇರುವಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಮಾನಿಟರ್ ಮೇಲೆ ಮಾತ್ರ ಕೆಲಸ ಮಾಡಿದರೆ ಒಳಗಿನ ಬಿಸಿ ಹೊರಗೆ ಹೋಗುವುದು ಕಷ್ಟ. ಕೆಲವು ಮಾದರಿಗಳಲ್ಲಿ ಕೀಬೋರ್ಡ್ ಸಂದಿಯಿಂದಲೂ ಗಾಳಿ ಆಡಬೇಕು. ಬೇಸಿಗೆಯಲ್ಲಿ ಮುಚ್ಚಳ ತೆರೆದೇ ಇಡಿ. ಮುಚ್ಚಿದ ಕೂಡಲೇ ಮಾನಿಟರ್ ಕಪ್ಪಾಗುತ್ತದೆ ಅನ್ನುವವರು ಪವರ್ ಸೆಟ್ಟಿಂಗ್‌ನಲ್ಲಿ ‘ಮುಚ್ಚಳ ಹಾಕಿದಾಗ ಏನೂ ಮಾಡಬೇಡ’ ಅನ್ನುವ ಆಯ್ಕೆ ಹುಡುಕಿ.

ಡ್ರೈವರ್, ಮತ್ತೆ ಕೆಲವು ಚಿಲ್ಲರೆ

ಡ್ರೈವರನ್ನು ನಾನು ಬೇಕೆಂದೇ ಇಷ್ಟು ಕೆಳಗೆ ಇಟ್ಟಿದ್ದೇನೆ. ಜನ ಮೊದಲು ಕೈ ಹಾಕುವುದು ಅದಕ್ಕೇ. ನಿನ್ನೆವರೆಗೆ ಸರಿಯಿದ್ದು, ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿ, ಬೆಳಗ್ಗೆ ಮಾನಿಟರ್ ಹೋಗಿದ್ದರೆ ಮಾತ್ರ ಡ್ರೈವರ್ ಮೇಲೆ ಅನುಮಾನ ಪಡಿ. ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮತ್ತು ‘ಬಿ’ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಕಪ್ಪಾಗಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ತೆರೆದ ಫೈಲ್‌ಗಳಿಗೆ ಏನೂ ಆಗದು. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಿಂದಿನ ಡ್ರೈವರ್‌ಗೆ ಮರಳುವ ‘ರೋಲ್ ಬ್ಯಾಕ್’. ಹೊಸದು ಬೇಕಾದರೆ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಪುಟದಿಂದಲೇ ಇಳಿಸಿಕೊಳ್ಳಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್’ ಅನ್ನುವ ಸಾಫ್ಟ್‌ವೇರ್ ಬೇಡವೇ ಬೇಡ.

ಚಿತ್ರ ಬಂತು, ಹಾಡು ನಿಂತಿತು ಅಂತ ಗಾಬರಿ ಬೀಳಬೇಡಿ. ಎಚ್‌ಡಿಎಂಐ ಧ್ವನಿಯನ್ನೂ ಎಳೆದುಕೊಂಡು ಹೋಗುತ್ತದೆ, ನಿಮ್ಮ ಮಾನಿಟರ್‌ಗೆ ಸ್ಪೀಕರ್ ಇಲ್ಲ, ಅಷ್ಟೇ. ಗಡಿಯಾರದ ಪಕ್ಕದ ಸ್ಪೀಕರ್ ಗುರುತು ಒತ್ತಿ ಲ್ಯಾಪ್‌ಟಾಪ್ ಸ್ಪೀಕರ್ ಆರಿಸಿ. ಎಲ್ಲ ಕಾಣುತ್ತದೆ, ಒಟಿಟಿಯ ಸಿನಿಮಾ ಮಾತ್ರ ಕಪ್ಪು ಅಂದರೆ ಅದು ನಕಲು ತಡೆಯುವ ಎಚ್‌ಡಿಸಿಪಿಯ ಕೆಲಸ. ವಿಜಿಎಗೆ ಆ ಬೀಗ ಗೊತ್ತಿಲ್ಲ, ಹಾಗಾಗಿ ಕನ್ವರ್ಟರ್ ಇದ್ದಲ್ಲಿ ಹೀಗಾಗುವುದು ಜಾಸ್ತಿ. ಟಿವಿಗೆ ಜೋಡಿಸಿದಾಗ ಅಂಚು ಕತ್ತರಿಸಿ ಹೋದರೆ ಟಿವಿಯ ಚಿತ್ರದ ಅಳತೆಯಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಹುಡುಕಿ.

ಅಂಗಡಿಗೆ ಹೋಗುವ ಹೊತ್ತು

ಕೇಬಲನ್ನು ಬೆರಳಲ್ಲಿ ಒತ್ತಿ ಹಿಡಿದರೆ ಚಿತ್ರ, ಬಿಟ್ಟರೆ ಕಪ್ಪು. ಇದು ಬೇರೆ ಕೇಬಲ್‌ನಲ್ಲೂ ಹೀಗೇ ಆದರೆ ಪೋರ್ಟ್‌ನ ಬೆಸುಗೆ ಬಿಟ್ಟಿರಬಹುದು. ಮೊದಲು ಟಾರ್ಚ್ ಹಾಕಿ ಒಳಗೆ ನೋಡಿ, ನಮ್ಮ ಊರಿನ ಧೂಳು ಪೋರ್ಟ್ ತಳದಲ್ಲಿ ಗಟ್ಟಿಯಾಗಿ ಕೂತಿರಬಹುದು. ಲ್ಯಾಪ್‌ಟಾಪ್ ಆಫ್ ಮಾಡಿ, ಒಣಗಿದ ಮೆತ್ತನೆ ಬ್ರಷ್‌ನಿಂದ ಕೆದಕಿ. ಪಿನ್ ಚುಚ್ಚಬೇಡಿ. ಆಮೇಲೂ ಹಾಗೇ ಇದ್ದರೆ ನಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆಯ ರಿಪೇರಿ ಅಂಗಡಿ ಕಡೆ ಹೊರಡಬೇಕು.

ಹೋಗುವಾಗ ನಿಮ್ಮ ಚಾರ್ಜರ್, ನಿಮ್ಮ ಕೇಬಲ್ ಎರಡನ್ನೂ ಒಯ್ಯಿರಿ. ಅವರ ಮಾನಿಟರ್‌ಗೆ ನಿಮ್ಮ ಕೇಬಲ್‌ನಿಂದ, ಆಮೇಲೆ ಅವರ ಕೇಬಲ್‌ನಿಂದ ಜೋಡಿಸಿ ತೋರಿಸಲು ಹೇಳಿ. ಎರಡು ನಿಮಿಷದ ಕೆಲಸ. ಅವರ ಕೇಬಲ್‌ನಲ್ಲಿ ಬಂದರೆ ಕೇಬಲ್ ಕೊಂಡು ಮನೆಗೆ ಬನ್ನಿ. ಎರಡರಲ್ಲೂ ಬರದಿದ್ದರೆ ಬೇರೆಯವರ ಲ್ಯಾಪ್‌ಟಾಪನ್ನು ಅದೇ ಮಾನಿಟರ್‌ಗೆ ಜೋಡಿಸಿ ನೋಡಲು ಹೇಳಿ, ಆಮೇಲೆ ಪೋರ್ಟ್ ಬದಲಿಸುವ ಮಾತಾಡಿ. ‘ಮದರ್‌ಬೋರ್ಡ್ ಹೋಗೇದ’ ಅಂತ ನೋಡದೇ ಹೇಳಿದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಪಕ್ಕದ ಅಂಗಡಿಗೆ ನಡೆಯಿರಿ. ಟೈಪ್-ಸಿ ಪೋರ್ಟ್‌ನಲ್ಲಿ ಚಿತ್ರ ಬರುತ್ತದೆ ಅಂತಾದರೆ ಸತ್ತ ಎಚ್‌ಡಿಎಂಐ ಪೋರ್ಟನ್ನು ರಿಪೇರಿ ಮಾಡಿಸುವ ತುರ್ತೂ ಇಲ್ಲ, ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಒಂದು ಅಡಾಪ್ಟರ್ ಸಾಕು.